ಎಡದಂಚಿನ ಹಸಿರು ಸೀರೆ

ಜೆ.ಪಿ. ನಗರ, ಬೆಂಗಳೂರು
9 ಜೂನ್ 2024

ಚಿ.ಸೌ. ಶ್ರೀದೇವಿಗೆ ಭಾವನ ಆಶೀರ್ವಾದಗಳು.

ಮೊದಲು ತಪ್ಪೊಪ್ಪಿಗೆ. ಗುರುಬಸಪ್ಪನೆಂಬ ನಾನು, ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ಮಹಡಿ ಮನೆಯ ಬಾಡಿಗೆದಾರ ಶಿವರಾಮ್ ಅವರ ಫ್ರಿಜ್ಜಿನಿಂದ ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳವನ್ನು ಅಪಹರಿಸಿದ್ದೇನೆಂದು ಈ ಮೂಲಕ ಘೋಷಿಸುತ್ತೇನೆ. ಒಳಗಿದ್ದ ಐಸ್‌ಕ್ರೀಮನ್ನು ಮುಟ್ಟಿಲ್ಲ. ಶಿಕ್ಷೆ ವಿಧಿಸುವಾಗ ನ್ಯಾಯಾಲಯವು ಇದನ್ನು ಗಮನಿಸಬೇಕು.

ಮುಚ್ಚಳ ಯಾಕೆ ಎಂದು ಕೇಳುತ್ತೀಯ. ನನ್ನ ಕ್ಯಾಮೆರಾ ನಿನಗೆ ಗೊತ್ತಲ್ಲ, ರೇಂಜ್‌ಫೈಂಡರ್; ಹೊರಗಡೆ ಅಜ್ಜನ ಕಾಲದ್ದು, ಒಳಗಡೆ ಮಾತ್ರ ಡಿಜಿಟಲ್. ಅದಕ್ಕೆ ನಾನು ಹಾಕಿರುವ ವೈಡ್ ಲೆನ್ಸ್ ಹೊರಗೂ ಒಳಗೂ ಅಜ್ಜನ ಕಾಲದ್ದೇ. ರೀಲು ಹಾಕುತ್ತಿದ್ದಾಗ ಇದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಮಾತ್ರ ಅಂಚಿನ ಬೆಳಕು ಓರೆಯಾಗಿ ಬಿದ್ದು ಬಣ್ಣ ಕೆಡಿಸುತ್ತದೆ. ಚಿತ್ರದ ಎಡದಂಚು ಕೆಂಪಾಗುತ್ತದೆ, ಬಲದಂಚು ಹಸಿರಾಗುತ್ತದೆ. ನಡುವೆ ನಿಂತವರು ಮಾತ್ರ ಮನುಷ್ಯರ ಬಣ್ಣದಲ್ಲಿರುತ್ತಾರೆ. ಲೆನ್ಸಿಗೆ ಕನ್ನಡದಲ್ಲಿ ಮಸೂರ ಎನ್ನುತ್ತಾರೆಂದು ನಾನು ಹೇಳಿದ ದಿನದಿಂದ ನಿಮ್ಮಕ್ಕ ಅದನ್ನು ಬೇಳೆ ಎಂದೇ ಕರೆಯುತ್ತಿದ್ದಳು. ಚಿತ್ರ ಕೆಟ್ಟಾಗಲೆಲ್ಲ, "ಏನ್ರೀ, ಇವತ್ತೂ ನಿಮ್ಮ ಬೇಳೆ ಬೇಯಲಿಲ್ವಾ?"

ಬೇಯಿಸುವ ವಿಧಾನ ಸುಲಭ. ಲೆನ್ಸಿನ ಮುಂದೆ ಬಿಳಿ ಮುಚ್ಚಳ ಹಿಡಿದು ಆಕಾಶದ ಕಡೆಗೆ ಒಂದು ಚಿತ್ರ ತೆಗೆಯಬೇಕು. ಖಾಲಿ ಬಿಳುಪು. ಅದರಲ್ಲಿ ಲೆನ್ಸಿನ ದೋಷವೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ. ಆ ದೋಷವನ್ನು ಕಂಪ್ಯೂಟರಿಗೆ ತೋರಿಸಿ, ಬೇಕಾದ ಚಿತ್ರದಿಂದ ಅಷ್ಟನ್ನು ಕಳೆಯಪ್ಪಾ ಎಂದರೆ ಕಳೆಯುತ್ತದೆ. ಉಳಿದ ಚೂರುಪಾರನ್ನು ಕಣ್ಣಳತೆಯಲ್ಲಿ ತಿದ್ದಬೇಕು. ಮೊದಲು ಇದಕ್ಕೆ ನಿಮ್ಮಕ್ಕನ ಉಪ್ಪಿನ ಡಬ್ಬಿಯ ಮುಚ್ಚಳವಿತ್ತು. ಎಲ್ಲಿಟ್ಟಳೋ. ಕೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

ಕಾರ್ತೀಕದಲ್ಲಿ ನಿಮ್ಮಕ್ಕ ಶಾಂತಾಳ ವರ್ಷದ ಪುಣ್ಯಸ್ಮರಣೆ. ಗೋಡೆಗೆ ಒಂದು ಫೋಟೋ ಬೇಕು. ಅವಳು ಒಬ್ಬಳೇ ಇರುವ ಫೋಟೋಗಳಲ್ಲೆಲ್ಲ ರೇಷನ್ ಕಾರ್ಡಿಗೆ ನಿಂತ ಮುಖ. ನಗುತ್ತಿರುವುದು ಒಂದರಲ್ಲಿ ಮಾತ್ರ: ನಿನ್ನ ಮಗಳು ಶೃತಿಯ ನಿಶ್ಚಿತಾರ್ಥದ ದಿನ, ಬನಶಂಕರಿಯ ಛತ್ರದಲ್ಲಿ ನಾನು ತೆಗೆದ ಗುಂಪು ಚಿತ್ರ. ಎಲ್ಲರಿಗಿಂತ ಎಡಕ್ಕೆ, ಕೊನೆಯಲ್ಲಿ ನಿಂತಿದ್ದಾಳೆ. ಅವಳ ಭಾಗವನ್ನಷ್ಟೇ ತಿದ್ದಿ ಮುದ್ರಿಸಿ ಕಳಿಸಿದ್ದೇನೆ. ಫೋನಿಗೆ ಕಳಿಸಿದರೆ ನಿನ್ನ ಫೋನಿನ ಬಣ್ಣ ಬೇರೆ, ನನ್ನದು ಬೇರೆ. ಅಲ್ಲದೆ ಅಂಚಿನ ತೊಂದರೆಯನ್ನು ಅಂಚೆ ಕಚೇರಿಯ ಯಜಮಾನಿಗಲ್ಲದೆ ಇನ್ಯಾರಿಗೆ ಬರೆಯಲಿ?

ಒಪ್ಪಿಗೆ ಬರೆದುಬಿಡು, ಸಾಕು. ಕುಟುಂಬದ ಎಷ್ಟು ಮದುವೆ, ಎಷ್ಟು ತೊಟ್ಟಿಲು ಈ ಕೈಯಲ್ಲಿ ಬಣ್ಣ ಕಂಡಿವೆ! ನನ್ನ ಕಣ್ಣಿಗೆ ಮಣ್ಣೆರಚುವ ಲೆನ್ಸ್ ಇನ್ನೂ ತಯಾರಾಗಿಲ್ಲ.

ನಿನ್ನ ಭಾವ,
ಗುರುಬಸಪ್ಪ


ಹಗರಿಬೊಮ್ಮನಹಳ್ಳಿ
19 ಜೂನ್ 2024

ಭಾವನವರಿಗೆ ಶ್ರೀದೇವಿಯ ನಮಸ್ಕಾರಗಳು.

ಫೋಟೋ ತಲುಪಿತು. ಒಪ್ಪಿಗೆಯಿಲ್ಲ.

ಅಕ್ಕನ ಮುಖ ಜ್ವರ ಬಂದವರ ಹಾಗೆ ಕೆಂಪಗಿದೆ. ಸೀರೆ ಕಂದು ಬಣ್ಣಕ್ಕೆ ತಿರುಗಿದೆ. ಅದು ಪಾಚಿ ಹಸಿರು ಸೀರೆ, ಕುಂಕುಮದ ಬಣ್ಣದ ಅಂಚು. ನನಗೆ ಚೆನ್ನಾಗಿ ನೆನಪಿದೆ.

ನಿಮ್ಮ ಕೈಗುಣ ನನಗೆ ಗೊತ್ತು. ಶೃತಿಯ ನಾಮಕರಣದ ಹಳೇ ಫೋಟೋ ಮಾಸಿಹೋಗಿದ್ದನ್ನು ನೀವು ತಿದ್ದಿಕೊಟ್ಟಿದ್ದೀರಿ. ಇವತ್ತಿಗೂ ಬಂದವರೆಲ್ಲ ನಿಂತು ನೋಡುತ್ತಾರೆ. ಹಾಗಾಗಿ ಇದನ್ನು ಅವಸರದಲ್ಲಿ ಮಾಡಿದ್ದೀರಿ ಅನಿಸಿತು. ಅಕ್ಕನ ಫೋಟೋಗೇ ಅವಸರ ಯಾಕೆ ಭಾವ?

ಊಟ ಸರಿಯಾಗಿ ಮಾಡಿ. ಯಲ್ಲವ್ವ ಅಡುಗೆಗೆ ಬರುತ್ತಿದ್ದಾಳೆ ತಾನೆ?

ಶ್ರೀದೇವಿ


ಜೆ.ಪಿ. ನಗರ
1 ಜುಲೈ 2024

ಪ್ರೀತಿಯ ಶ್ರೀದೇವಿ,

ನಿನ್ನ ಪತ್ರ ಸೀಲು ಹೊಡೆದ ಹಾಗಿತ್ತು. ಒಂದೇ ಏಟು, ಆದರೆ ಅಕ್ಷರ ಸ್ಪಷ್ಟ.

ಅವಸರವಲ್ಲ ಮಾರಾಯ್ತಿ. ಹಳೇ ಲೆನ್ಸಿಗೆ ಬಾಯಿಲ್ಲ, ತಾನು ಯಾರೆಂದು ಕ್ಯಾಮೆರಾಕ್ಕೆ ಹೇಳುವುದಿಲ್ಲ. ಆ ದಿನ ಅದರ ಕಿಂಡಿಯನ್ನು ಎಷ್ಟು ತೆರೆದಿದ್ದೆ ಎಂಬುದೂ ಚಿತ್ರದ ಜೊತೆ ದಾಖಲಾಗಿಲ್ಲ. ಕಿಂಡಿ ಬದಲಾದರೆ ಅಂಚಿನ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಮುಚ್ಚಳ ಹಿಡಿದು ಕಿಂಡಿಯನ್ನು ಒಂದೊಂದು ಅಳತೆಗೆ ತೆರೆದು ಬಿಳುಪು ತೆಗೆದಿದ್ದೇನೆ. ಒಂದೊಂದಕ್ಕೂ ಒಬ್ಬೊಬ್ಬ ಶಾಂತಾ ಬರುತ್ತಾಳೆ. ಮೂವರನ್ನು ಕಳಿಸುತ್ತಿದ್ದೇನೆ, ಹಿಂದುಗಡೆ ಅ, ಆ, ಇ ಎಂದು ಬರೆದಿದ್ದೇನೆ. ನಿನ್ನ ಅಕ್ಕ ಇವರಲ್ಲಿ ಯಾರು, ಆರಿಸು. ಬರೀ ಅಕ್ಷರ ಬರೆದು ಕೈತೊಳೆದುಕೊಳ್ಳಬೇಡ. ಯಾವುದರಲ್ಲಿ ಏನು ಹೆಚ್ಚು, ಏನು ಕಡಿಮೆ, ಮಾತಿನಲ್ಲಿ ಬಿಡಿಸಿ ಬರಿ. ನನ್ನ ತೀರ್ಪು ಆಗಲೇ ಸಿದ್ಧವಿದೆ, ನಿನ್ನದನ್ನು ಪರೀಕ್ಷಿಸಲು ಕೇಳುತ್ತಿದ್ದೇನೆ ಅಷ್ಟೆ.

ಯಲ್ಲವ್ವ ಬರುತ್ತಿದ್ದಾಳೆ. ಮೊನ್ನೆ ನಾನೇ ಹೋಗಿ ಟೊಮೆಟೊ ತಂದೆ. ಅವಳು ಚೀಲ ಬಗ್ಗಿಸಿ, "ಸಾರ್, ಇದ್ರಲ್ಲಿ ಸಾರು ಮಾಡ್ಲಾ ಚಟ್ನಿ ಮಾಡ್ಲಾ? ಎಲ್ಲಾ ಕಾಯಿ!" ಎಂದಳು. ಜಯನಗರದ ಮಾರ್ಕೆಟ್ಟಿನಲ್ಲೂ ಮೋಸ ಶುರುವಾಗಿದೆ ನೋಡು.

ಆ ಸೀರೆಯೇ ಕೈಯಲ್ಲಿದ್ದರೆ ನಮ್ಮ ಜಗಳ ಒಂದೇ ದಿನಕ್ಕೆ ಮುಗಿಯುತ್ತದೆ. ಪಕ್ಕದಲ್ಲಿಟ್ಟು ಸರಿಹೊಂದಿಸಿದರಾಯಿತು. ಅವಳ ಬೀರುವನ್ನು ನಾನಿನ್ನೂ ತೆಗೆದು ನೋಡಿಲ್ಲ. ಈ ಭಾನುವಾರ ತೆಗೆಯುತ್ತೇನೆ.

ಗುರುಬಸಪ್ಪ


ಜೆ.ಪಿ. ನಗರ
28 ಜುಲೈ 2024

ಶ್ರೀದೇವಿ,

ನಿನ್ನಿಂದ ಉತ್ತರವಿಲ್ಲ. ಅಂಚೆ ಇಲಾಖೆಯವರ ಪತ್ರವೇ ಅಂಚೆಯಲ್ಲಿ ಕಳೆದುಹೋಯಿತೇ ಎಂದು ಕೇಳೋಣವೆಂದರೆ ದೂರು ಕೊಡಬೇಕಾದದ್ದೂ ನಿನಗೇ.

ಬೀರು ತೆಗೆದೆ. ಆ ಸೀರೆ ಇಲ್ಲ.

ಎಲ್ಲ ಸೀರೆಗಳನ್ನೂ ಮಂಚದ ಮೇಲೆ ಹರಡಿ, ಒಂದೊಂದರ ಮಡಿಕೆ ಬಿಚ್ಚಿ ಯಲ್ಲವ್ವನಿಗೆ ತೋರಿಸಿದೆ. "ಇದಲ್ಲ ಸಾರ್, ಇದೂ ಅಲ್ಲ." ಮತ್ತೆ ಮಡಿಸಲು ನನಗೆ ಬರಲಿಲ್ಲ. ನಾನು ಮಡಿಸಿದ್ದನ್ನು ಅವಳು ಬಿಚ್ಚಿ ಮತ್ತೆ ಮಡಿಸಿದಳು.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಪಾರವ್ವ ಮೊದಲೆಲ್ಲ ನಮ್ಮ ಬೀದಿಗೆ ಬರುತ್ತಿದ್ದಳು. ನಿಮ್ಮಕ್ಕ ಅವಳ ಜೊತೆ ಅರ್ಧ ಗಂಟೆ ಚೌಕಾಸಿ ಮಾಡಿ ಒಂದು ಸೌಟು ಗೆದ್ದು, ಆಮೇಲೆ ಅವಳಿಗೇ ಊಟ ಹಾಕಿ ಕಳಿಸುತ್ತಿದ್ದಳು. ಸೀರೆ ಅಲ್ಲಿಗೇನಾದರೂ ಹೋಯಿತೇ ಎಂಬ ಅನುಮಾನ. ವಿಚಾರಿಸಿಕೊಂಡು ಸುದ್ದಗುಂಟೆಪಾಳ್ಯದ ಅವಳ ಮನೆಗೆ ಹೋದೆ. ಹಜಾರದ ತುಂಬ ಬಟ್ಟೆ.

"ಯಾವ ಸೀರೆ ಅಣ್ಣಾ?"

"ಹಸಿರು."

"ಹಸ್ರಲ್ಲಿ ಯಾವ್ ಹಸ್ರು? ಗಿಣಿ ಹಸ್ರಾ, ಬಾಟ್ಲಿ ಹಸ್ರಾ, ಪಾಚಿ ಹಸ್ರಾ?"

ಪಾಚಿ ಎಂದೆ, ನಿನ್ನ ಪತ್ರ ನೆನೆಸಿಕೊಂಡು. ಹುಡುಕಿಕೊಳ್ಳಿ ಎಂದಳು. ನಾನು ಗುಡ್ಡೆಯೊಳಗಿಂದ ಒಂದನ್ನು ಎಳೆದು "ಇದೇ!" ಎಂದೆ. ಪಾರವ್ವ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಣ್ಣಾ, ಸ್ವಲ್ಪ ಕೂತ್ಕೊಳಿ. ನೀರ್ ಕುಡೀತೀರಾ?" ಎಂದಳು. ಆಮೇಲೆ ನನ್ನಿಂದ ವಿಷಯ ತಿಳಿದು, "ಅಕ್ಕ ಹೋದ್ರು ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲಣ್ಣಾ" ಎಂದು ಅವಳೇ ಕೂತುಬಿಟ್ಟಳು.

ಬರುವಾಗ ಒಂದು ಬಕೆಟ್ ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಬಸ್ಸಿನಲ್ಲಿ ಖಾಲಿ ಬಕೆಟ್ ತೊಡೆಯ ಮೇಲಿಟ್ಟುಕೊಂಡು ಬಂದೆ.

ನಾಳೆ ವಿಲ್ಸನ್ ಗಾರ್ಡನ್ ಕಡೆ ವಿಚಾರಿಸಬೇಕೆಂದಿದ್ದೇನೆ. ಅಲ್ಲಿಯೂ ಹಳೇ ಬಟ್ಟೆಯವರು ಇದ್ದಾರಂತೆ. ಕಾರ್ತೀಕ ಇನ್ನು ದೂರವಿಲ್ಲ. ಗೋಡೆಗೆ ಮೊಳೆ ಹೊಡೆಸಿದ್ದೇನೆ. ಸದ್ಯಕ್ಕೆ ಅದೊಂದೇ ಅಲ್ಲಿರುವುದು.

ಮೂರರಲ್ಲಿ ಯಾವುದು, ಬರೆಯಲಿಲ್ಲ ನೀನು.

ಗುರುಬಸಪ್ಪ


ಹಗರಿಬೊಮ್ಮನಹಳ್ಳಿ
5 ಆಗಸ್ಟ್ 2024

ಭಾವ,

ದಯವಿಟ್ಟು ಇನ್ನೆಲ್ಲೂ ಹುಡುಕಬೇಡಿ. ಸೀರೆ ನನ್ನ ಹತ್ತಿರ ಇದೆ.

ಅಕ್ಕನ ಕಾರ್ಯ ಮುಗಿದ ಮೇಲೆ ಹೆಂಗಸರು ಬಟ್ಟೆ ವಿಂಗಡಿಸುತ್ತಿದ್ದರಲ್ಲ, ಆಗ ಎತ್ತಿ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ನೀವು ಬಕೆಟ್ ಹಿಡಿದು ಬಸ್ಸಿನಲ್ಲಿ ಕೂತಿದ್ದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅದು ನಮ್ಮ ಅವ್ವನ ಸೀರೆ. ಅವ್ವ ಹೋದ ಮೇಲೆ ಅಕ್ಕನ ಹತ್ತಿರ ಇತ್ತು. ಶೃತಿಯ ನಿಶ್ಚಿತಾರ್ಥಕ್ಕೆ ಅದನ್ನು ನಾನು ಉಡುತ್ತೇನೆ ಎಂದು ಕೇಳಿದ್ದೆ. ಅಕ್ಕ ಹೂಂ ಎಂದಿದ್ದಳು. ಆ ದಿನ ನೋಡಿದರೆ ತಾನೇ ಉಟ್ಟುಕೊಂಡು ಬಂದಿದ್ದಳು. ನನಗೆ ಹೊಸ ರೇಷ್ಮೆ ತಂದಿದ್ದಳು. "ಅವ್ವನ ಸೀರೆ ಜೀರ್ಣವಾಗಿದೆ ಕಣೆ, ಹುಡುಗಿ ತಾಯಿ ನೀನು, ಎಲ್ಲರೂ ನಿನ್ನೇ ನೋಡ್ತಾರೆ" ಎಂದಳು. ನನಗೆ ಅದು ನೆಪ ಅನಿಸಿತು. ಫೋಟೋಗೆ ನಿಲ್ಲುವಾಗ ನನ್ನ ಭುಜ ಹಿಡಿದು ನಡುವೆ ನಿಲ್ಲಿಸಿ, ತಾನು ಅಷ್ಟು ದೂರ ಹೋಗಿ ಕೊನೆಯಲ್ಲಿ ನಿಂತಳು. ನನ್ನ ಪಕ್ಕ ನಿಲ್ಲುವುದು ಅವಳಿಗೆ ಬೇಕಿಲ್ಲ ಎಂದು ತಿಳಿದೆ. ಪೂರ್ತಿ ಚಿತ್ರ ನೋಡಿ, ನನ್ನ ಮುಖ ಹೇಗಿದೆ ಅಂತ.

ಆಮೇಲೆ ನಾನು ಅವಳಿಗೆ ಫೋನ್ ಮಾಡುವುದನ್ನು ಬಿಟ್ಟೆ. ಅವಳು ಮಾಡಿದಾಗ "ಕೌಂಟರಿನಲ್ಲಿ ಜನ ಇದ್ದಾರೆ" ಎನ್ನುತ್ತಿದ್ದೆ. ಕಾರ್ತೀಕದಲ್ಲಿ ನಿಮ್ಮ ಫೋನ್ ಬಂದಾಗ ಕೌಂಟರಿನಲ್ಲಿ ಯಾರೂ ಇರಲಿಲ್ಲ.

ಸೀರೆಯನ್ನು ಒಂದು ಸಲವೂ ಉಟ್ಟಿಲ್ಲ. ನೀವು ಹೆಣ್ಣು ನೋಡಲು ಬಂದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅಕ್ಕ ಉಟ್ಟಿದ್ದೂ ಇದನ್ನೇ. ನಾನು ಚಿಕ್ಕವಳು, ಬಾಗಿಲ ಹಿಂದೆ ನಿಂತಿದ್ದೆ. ನೀವು ಗಂಭೀರವಾಗಿ "ಕೆಂಪು ಸೀರೆ ಇವರಿಗೆ ಚೆನ್ನಾಗಿ ಒಪ್ಪುತ್ತದೆ" ಎಂದಿರಿ. ಹಸಿರು ಸೀರೆಗೆ! ಅಪ್ಪ ಬಿದ್ದು ಬಿದ್ದು ನಕ್ಕರು. "ಹುಡುಗ ಭಾರಿ ತಮಾಷೆ ಮನುಷ್ಯ, ನಮ್ಮ ಶಾಂತಾ ಸುಖವಾಗಿರ್ತಾಳೆ" ಎಂದು ಆ ಕ್ಷಣವೇ ಒಪ್ಪಿದರು. ನಮ್ಮ ಮನೆಯಲ್ಲಿ ಇವತ್ತಿಗೂ ಅದು ಕಥೆ.

ರಿಜಿಸ್ಟರ್ಡ್ ಪಾರ್ಸೆಲ್ ನಾನೇ ಕಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ಅಕ್ಕನ ಬೀರುವಿನಲ್ಲೇ ಇಡಿ.

ನಿಮ್ಮ ಮೂರೂ ಫೋಟೋ ಸರಿಯಿಲ್ಲ. ಮೂರೂ ಕೆಂಪೇ.

ಶ್ರೀದೇವಿ


ಜೆ.ಪಿ. ನಗರ
24 ಆಗಸ್ಟ್ 2024

ಪ್ರೀತಿಯ ಶ್ರೀದೇವಿ,

ಪಾರ್ಸೆಲ್ ಬಂತು. ಎಷ್ಟು ಬಿಗಿಯಾಗಿ ಕಟ್ಟಿದ್ದೀಯೆಂದರೆ ಬಿಚ್ಚಲು ಶಿವರಾಮ್‌ನನ್ನು ಕರೆಯಬೇಕಾಯಿತು. ಕತ್ತರಿ ತಂದವನು ಮೇಜಿನ ಮೇಲಿದ್ದ ಮುಚ್ಚಳ ಗುರುತಿಸಿ, "ಅಂಕಲ್, ಇದನ್ನ ನಮ್ಮನೇಲಿ ಎರಡು ತಿಂಗ್ಳಿಂದ ಹುಡುಕ್ತಿದೀವಿ!" ಎಂದ. ನಮ್ಮ ಕುಟುಂಬದಲ್ಲಿ ಎತ್ತಿಟ್ಟುಕೊಳ್ಳುವ ಅಭ್ಯಾಸ ನನಗೊಬ್ಬನಿಗೇ ಅಲ್ಲವೆಂದು ಸಮಾಧಾನಪಟ್ಟೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಅದು ನಿನ್ನದೇ ಸೀರೆ.

ಈಗ ಒಂದು ವಿಷಯ. ನಾನು ಇದನ್ನು ಮೊದಲೇ ಬರೆಯಬೇಕಾಗಿತ್ತು, ನಿನಗೆ ಗೊತ್ತಿದೆ ಎಂದುಕೊಂಡಿದ್ದೆ.

ನಿಮ್ಮಕ್ಕ ನನ್ನ ಯಾವ ಗುಂಪು ಚಿತ್ರದಲ್ಲೂ ನಡುವೆ ನಿಂತಿಲ್ಲ. ಈ ಕ್ಯಾಮೆರಾ ಬಂದಾಗಿನಿಂದ ತೆಗೆದದ್ದನ್ನೆಲ್ಲ ಈ ವಾರ ತಿರುವಿ ನೋಡಿದೆ. ಉತ್ತರಹಳ್ಳಿಯ ಗೃಹಪ್ರವೇಶದಲ್ಲಿ ಬಲದಂಚು, ರೇವಂತನ ಮದುವೆಯಲ್ಲಿ ಎಡದಂಚು. ಅಂಚಿನಲ್ಲಿ ಬಣ್ಣ ಕೆಡುತ್ತದೆಂದು ಆ ಗುಂಪಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಯಾರಾದರೂ ಅಲ್ಲಿ ನಿಲ್ಲಲೇಬೇಕಲ್ಲ. ಶೃತಿಯ ನಿಶ್ಚಿತಾರ್ಥದ ದಿನ ನಾನೇ ಕೂಗಿದೆ, "ಶಾಂತಾ, ತಂಗಿ ಪಕ್ಕ ನಿಂತ್ಕೊಳ್ಳೇ!" ಅವಳು ನನ್ನ ಹತ್ತಿರ ಬಂದು ಕಿವಿಯಲ್ಲಿ, "ಅವಳು ಹೊಸ ಸೀರೆ ಉಟ್ಟಿದಾಳ್ರೀ, ನಡೂಮಧ್ಯ ಇರ್ಲಿ, ಬಣ್ಣ ಚೆನ್ನಾಗಿ ಬರತ್ತೆ. ನಂದೇನು, ಮನೇಲಿ ಕೂತು ಸರಿ ಮಾಡ್ಕೊಂಡ್ರಾಯ್ತು" ಎಂದು ನಗುತ್ತಾ ಹೋದಳು. ಆ ನಗುವೇ ಚಿತ್ರದಲ್ಲಿರುವುದು.

ಹಳೇ ಸೀರೆಯನ್ನು ತಾನು ಉಟ್ಟು ನಿನಗೆ ಹೊಸದನ್ನು ಕೊಟ್ಟಿದ್ದೂ ಅದಕ್ಕೇ ಇರಬೇಕು. ಆ ಚಿತ್ರವನ್ನು ಮಾತ್ರ ನಾವು ಸರಿ ಮಾಡಲು ಕೂರಲೇ ಇಲ್ಲ. ಕೇಳಿದಾಗಲೆಲ್ಲ, "ಉಳಿದವರದ್ದೆಲ್ಲ ಸರಿಯಾಗಿದೆಯಲ್ಲ, ಕೆಟ್ಟಿರೋದು ನಂದು ತಾನೆ, ಆಮೇಲೆ ನೋಡೋಣ" ಎನ್ನುತ್ತಿದ್ದಳು.

ಈಗ ನೋಡಿದ್ದೇನೆ. ಸೀರೆಯನ್ನು ಹಜಾರದ ಎಡಗಡೆ ಕುರ್ಚಿಯ ಮೇಲೆ ಇಳಿಬಿಟ್ಟು, ಅದೇ ಲೆನ್ಸಿನಲ್ಲಿ ತೆಗೆದು, ಮೂರು ದಿನ ಕೂತು ತಿದ್ದಿದೆ. ಕೆಂಪು ಎಂದು ನೀನು ಬರೆದಿದ್ದೆಯಲ್ಲ, ಕೆಂಪನ್ನು ಧಾರಾಳವಾಗಿ ಇಳಿಸಿದ್ದೇನೆ. ಮುದ್ರಿಸಿದ ಚಿತ್ರವನ್ನೂ ಸೀರೆಯನ್ನೂ ಕಿಟಕಿಯ ಬೆಳಕಿಗೆ ಜೊತೆಯಾಗಿ ಹಿಡಿದೆ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬೇಳೆ ಬೆಂದಿದೆ, ಶ್ರೀದೇವಿ! ನೋಡಿ ಹೂಂ ಅಂದರೆ ಕಟ್ಟು ಹಾಕಲು ಕೊಡುತ್ತೇನೆ.

ಗುರುಬಸಪ್ಪ


ಹಗರಿಬೊಮ್ಮನಹಳ್ಳಿ
7 ಸೆಪ್ಟೆಂಬರ್ 2024

ಭಾವ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಓದಿದೆ. ನಂತರ ಕೌಂಟರ್ ಮುಚ್ಚಿ ಒಳಗೆ ಹೋಗಿ ಕೂತೆ. ಅಕ್ಕ ಅಂಚಿಗೆ ಯಾಕೆ ಹೋದಳೆಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಆ ವಿಷಯ ಈಗ ಬರೆಯಲಾರೆ.

ಆಮೇಲೆ ಫೋಟೋ ತೆಗೆದು ನೋಡಿದೆ. ಅಕ್ಕನ ಮುಖ ಹಸಿರಾಗಿದೆ. ಹಣೆಯ ವಿಭೂತಿ ಹಸಿರು, ಹಲ್ಲು ಹಸಿರು. ನೀರಿನಲ್ಲಿ ಬಹಳ ದಿನ ಇದ್ದ ಹಾಗೆ ಇದೆ.

ಇದೂ ನಿಮ್ಮ ತಮಾಷೆಯಾ? ನಾನು ಪಾಚಿ ಹಸಿರು, ಪಾಚಿ ಹಸಿರು ಎಂದು ಹಟ ಮಾಡಿದೆನೆಂದು ಅವಳ ಮುಖಕ್ಕೇ ಪಾಚಿ ಬಳಿದು ಕಳಿಸಿದ್ದೀರಾ? ಒಂದೇ ಲಕೋಟೆಯಲ್ಲಿ ಆ ಪತ್ರವನ್ನೂ ಈ ಫೋಟೋವನ್ನೂ ಇಡಲು ನಿಮಗೆ ಹೇಗೆ ಮನಸ್ಸು ಬಂತು? ನೀವು ಮಣ್ಣು ಮಾಡಿದ ದಿನವೂ ಏನೋ ಅಂದು ಯಾರನ್ನೋ ನಗಿಸುತ್ತಿದ್ದಿರಿ, ನಾನು ನೋಡಿದೆ. ಆಗ ಏನೂ ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ.

ಎಳ್ಳಷ್ಟೂ ವ್ಯತ್ಯಾಸವಿಲ್ಲ ಅಂತೆ. ಕುರುಡರಿಗೂ ಕಾಣುತ್ತದೆ ಭಾವ.

ಪುಣ್ಯಸ್ಮರಣೆಗೆ ರೇಷನ್ ಕಾರ್ಡಿನ ಫೋಟೋನೇ ಹಾಕಿ. ಈ ನಗು ಬೇಡ.

ಶ್ರೀದೇವಿ


ಜೆ.ಪಿ. ನಗರ
15 ಸೆಪ್ಟೆಂಬರ್ 2024

ಶ್ರೀದೇವಿ,

ತಮಾಷೆಯಲ್ಲ. ನನಗೆ ಕಾಣಲಿಲ್ಲ.

ಹುಟ್ಟಿದಾಗಿನಿಂದ ನನಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸಿಗ್ನಲಿನಲ್ಲಿ ಮೇಲಿನ ದೀಪವೋ ಕೆಳಗಿನದೋ ನೋಡಿ ದಾಟುತ್ತೇನೆ. ಟೊಮೆಟೊ ಮಾರಿದವನು ಮೋಸ ಮಾಡಿರಲಿಲ್ಲ. ಪಾರವ್ವನ ಗುಡ್ಡೆಯಿಂದ ನಾನು ಎಳೆದ ಸೀರೆ ಯಾವ ಬಣ್ಣದ್ದೋ ಅವಳಿಗೇ ಗೊತ್ತು.

ಇದು ಗೊತ್ತಿದ್ದವಳು ನಿಮ್ಮಕ್ಕ ಒಬ್ಬಳೇ. ನೀವೆಲ್ಲ ಹೊಗಳಿದ ಬಣ್ಣಗಳೆಲ್ಲ ಅವಳವು. ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ, ಅವಳು ಎಡಗಡೆ ಮೊರದಲ್ಲಿ ಹುರುಳಿಕಾಯಿ ಇಟ್ಟುಕೊಂಡು ನಾರು ತೆಗೆಯುತ್ತಾ ಕೂರುತ್ತಿದ್ದಳು. "ಕೆಂಪು ಇಳಿಸಿ. ಇನ್ನೂ. ಅಯ್ಯೋ ಜಾಸ್ತಿಯಾಯ್ತು, ಮಗೂಗೆ ಕಾಮಾಲೆ ಬಂದಂಗಾಯ್ತು. ಸ್ವಲ್ಪ ಮೇಲೆ. ಹಾಂ, ಅಲ್ಲೇ ಬಿಡಿ." ನಾನು ಅಲ್ಲೇ ಬಿಡುತ್ತಿದ್ದೆ. ಯಾರಾದರೂ ಮೆಚ್ಚಿಕೊಂಡರೆ, "ಎಲ್ಲಾ ಇವರದೇ, ನನಗೇನು ತಿಳಿಯತ್ತೆ" ಎಂದು ಒಳಗೆ ಹೋಗುತ್ತಿದ್ದಳು. ಶೃತಿಯ ನಾಮಕರಣದ ಚಿತ್ರಕ್ಕೆ ಎರಡು ಸಂಜೆ ಹಿಡಿಯಿತು. ಆ ಎರಡು ದಿನವೂ ಹುರುಳಿಕಾಯಿ ಪಲ್ಯ.

ಶಿವರಾಮ್‌ನನ್ನು ಕೇಳಬಹುದಾಗಿತ್ತು. ಅವನು ಶಾಂತಾಳನ್ನು ಮೆಟ್ಟಿಲ ಮೇಲೆ ಕಂಡವನು, ಅವಳ ಮುಖದ ಬಣ್ಣ ಅವನಿಗೇನು ಗೊತ್ತು? ಗೊತ್ತಿರುವುದು ನಿನಗೆ. ಬಾಯಿಬಿಟ್ಟು ಕೇಳಲಾರದೆ ಅ, ಆ, ಇ ಎಂದು ಆಟ ಆಡಿದೆ. ಮೂರೂ ನನಗೆ ಒಂದೇ ಥರ ಕಾಣುತ್ತಿದ್ದವು.

ಮಣ್ಣು ಮಾಡಿದ ದಿನ ನಾನು ನಗಿಸುತ್ತಿದ್ದೆ, ನಿಜ. ನಗಿಸುವುದನ್ನು ನಿಲ್ಲಿಸಿದರೆ ಏನಾಗುತ್ತದೋ ಎಂಬ ಹೆದರಿಕೆ.

ಕಾರ್ತೀಕಕ್ಕೆ ಮೊದಲು ಎರಡು ದಿನ ರಜ ಹಾಕಿ ಬಾ. ಆ ಕುರ್ಚಿಯನ್ನು ಎಡಗಡೆಯೇ ಇಟ್ಟಿದ್ದೇನೆ, ಅವ್ವನ ಸೀರೆ ಅದರ ಮೇಲಿದೆ. ಅದನ್ನು ಉಟ್ಟುಕೊಂಡು ಕೂತು, "ಇಳಿಸಿ, ಏರಿಸಿ" ಅನ್ನು. ನಾನು ಮಾಡುತ್ತೇನೆ. ಹಾಗೆಯೇ ಪೂರ್ತಿ ಚಿತ್ರದಲ್ಲಿ ನಿನ್ನ ಮುಖವನ್ನೂ ನೋಡು. ನಿನ್ನ ಸಿಟ್ಟಿನ ಬಣ್ಣ ಬಹಳ ಚೆನ್ನಾಗಿ ಬಂದಿದೆಯೆಂದು ನಿಮ್ಮಕ್ಕ ಹೇಳುತ್ತಿದ್ದಳು.

ಇನ್ನೊಂದು. ಹೆಣ್ಣು ನೋಡಲು ಬಂದ ದಿನದ ಕಥೆ ನಿಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ ಎಂದು ಬರೆದಿದ್ದೀಯ. ನಿಮ್ಮಪ್ಪ ನನ್ನನ್ನು ಹಾಸ್ಯಗಾರನೆಂದು ಒಪ್ಪಿದ ಮೇಲೆ, ಆ ಹೆಸರು ಉಳಿಸಿಕೊಳ್ಳಲು ಇಷ್ಟು ವರ್ಷ ಹಾಸ್ಯ ಮಾಡುತ್ತಲೇ ಬಂದೆ. ಆ ದಿನ ಎಲ್ಲರೂ ನಗುತ್ತಿದ್ದಾಗ ತಟ್ಟೆ ಹಿಡಿದಿದ್ದವಳು ಮಾತ್ರ ನಗಲಿಲ್ಲ. ತನ್ನ ಸೆರಗನ್ನು ಒಮ್ಮೆ ನೋಡಿದಳು, ನನ್ನ ಕಣ್ಣನ್ನು ಒಮ್ಮೆ ನೋಡಿದಳು, ಸುಮ್ಮನೆ ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ.

ನಾನು ಹಾಸ್ಯ ಮಾಡಿರಲಿಲ್ಲ, ಶ್ರೀದೇವಿ. ನನಗೆ ಆ ಸೀರೆ ಕೆಂಪಾಗಿಯೇ ಕಂಡಿತ್ತು.

ನಿನ್ನ ಭಾವ,
ಗುರುಬಸಪ್ಪ